ಕರಿಚುಕ್ಕಿಯ ಬೇಳೆ

ಗಾಜಿನ ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದ ಲೋಳೆಯ ಗುಳಿಗೆಗಳು ನೋಡಲು ತೊಗರಿ ಬೇಳೆಯಂತೆಯೇ ಇದ್ದವು. ಒಂದೊಂದರ ಅಂಚಿಗೂ ಎಳ್ಳಿಗಿಂತ ಸಣ್ಣ ಗಿಡದ ಭ್ರೂಣವೊಂದು ಅಂಟಿಕೊಂಡು ಆಹಾರ ಹೀರುತ್ತಿತ್ತು. ಡಾ. ನೀಲಾಂಬಿಕಾ ಪಟ್ಟೇದ ಅದನ್ನು ಪರದೆಯ ಮೇಲೆ ನೋಡುತ್ತ ಕುಳಿತಿದ್ದರು. ಇದು ಅವರು ಕಂಡುಹಿಡಿದ ಕೃತಕ ಬೇಳೆ. ಕಲಬುರಗಿಯ ಅವರ ಪ್ರಯೋಗಾಲಯ ಹೆಸರು ಮಾಡಿದ್ದೇ ಇದರಿಂದ.

ನಾವು ಬೇಳೆ ಎನ್ನುವುದು ನಿಜಕ್ಕೂ ಗಿಡದ ಮೊದಲ ಎಲೆ. ಆಹಾರ ತುಂಬಿಕೊಂಡು ದಪ್ಪಗಾದ ಬೀಜದೆಲೆ. ನೀರು ತಾಗಿದೊಡನೆ ಅದರೊಳಗಿನ ಪಿಷ್ಟ ಸಕ್ಕರೆಯಾಗಿ ಕರಗಿ, ಎರಡು ಬೇಳೆಗಳ ನಡುವಿನ ಭ್ರೂಣಕ್ಕೆ ಹರಿಯುತ್ತದೆ. ಬೇರು ಮಣ್ಣು ಹಿಡಿದು ಹಸಿರೆಲೆ ಬಿಸಿಲು ಕಾಣುವವರೆಗೆ ಅದೇ ಊಟ. ಬೇಳೆ ಮಾಡಲು ಬೀಜ ಒಡೆದರೆ ಭ್ರೂಣ ಕಳಚಿಕೊಂಡು ಹೊಟ್ಟಿನ ಜೊತೆ ದನದ ಬಾಯಿಗೆ ಹೋಗುತ್ತದೆ. ಅಂಥ ಅನಾಥ ಭ್ರೂಣಗಳಿಗೆ ನೀಲಾಂಬಿಕಾ ಊಟ ಹಾಕುತ್ತಿದ್ದರು.

ಆ ಸುದ್ದಿ ಕೇಳಿಯೇ ರೈತ ಮಹಿಳೆ ಜಗದೇವಿ ಹಳ್ಳಿಯಿಂದ ಬಂದಿದ್ದಳು. ಹಿಂದೆ ಹೊಟ್ಟಿನ ಚೀಲ ಹೊತ್ತ ಗಂಡ ಚನ್ನವೀರ, ತಲೆ ತಗ್ಗಿಸಿಕೊಂಡು.

ಕರಿಚುಕ್ಕಿ ಎಂಬ ತೊಗರಿ ತಳಿಯನ್ನು ಆಕೆ ತವರಿನಿಂದ ಉಡಿಯಲ್ಲಿ ತಂದಿದ್ದಳು. ಈಗ ಅದು ಬೇರೆ ಯಾರ ಹೊಲದಲ್ಲೂ ಇಲ್ಲ. ಬಿತ್ತನೆ ಬೀಜಕ್ಕೆ ಹುಳು ಹತ್ತದಿರಲೆಂದು ಕೆಮ್ಮಣ್ಣು ಹಚ್ಚಿ ಇಟ್ಟಿದ್ದಳು. ಬೇಳೆ ಒಡೆಯುವ ಮುಂಚೆ ಸಿಪ್ಪೆ ಬಿಡಲೆಂದು ಹಚ್ಚುವುದೂ ಅದೇ ಕೆಮ್ಮಣ್ಣು. ಹೆಂಡತಿ ಊರಲ್ಲಿಲ್ಲದ ದಿನ ಚನ್ನವೀರನಿಗೆ ಎಂದಿಲ್ಲದ ಉತ್ಸಾಹ ಬಂದು, ಆ ಬಿತ್ತನೆ ಬೀಜವನ್ನೆಲ್ಲ ಗಿರಣಿಯಲ್ಲಿ ಬೇಳೆ ಒಡೆಸಿ, ನೆಂಟರಿಗೂ ಹಂಚಿ ಬಂದಿದ್ದ.

"ಕೆಂಪಗ ಕಾಣ್ತು. ಬ್ಯಾಳಿಗೇ ಇಟ್ಟಾಳಂತ ತಿಳ್ಕೊಂಡೆ" ಎಂದ ಚನ್ನವೀರ.

"ಮದಿವ್ಯಾದಾಗಿಂದ ಇವ್ರು ಒಂದ್ ಕಡ್ಡಿ ಎತ್ತಿ ಇಟ್ಟೋರಲ್ರಿ. ಕೆಲ್ಸ ಮಾಡ್ಲಿಕ್ಕ ಇದೇ ಸಿಕ್ತು ನೋಡ್ರಿ" ಎಂದಳು ಜಗದೇವಿ. ಮಾತು ತಮಾಷೆಯಾಗಿದ್ದರೂ ಆಕೆಯ ಕಣ್ಣು ತುಂಬಿತ್ತು.

ಹೊಟ್ಟಿನಲ್ಲಿ ಹುಡುಕಿ ಜೀವವಿದ್ದ ಭ್ರೂಣಗಳನ್ನು ಕೃತಕ ಬೇಳೆಗೆ ಅಂಟಿಸಿದರು. ಅವು ಉಗುರಿನಷ್ಟು ಬೆಳೆದು ನಿಂತುಬಿಟ್ಟವು. ಈ ತಳಿಗೆ ಒಗ್ಗುವುದು ಇದೇ ತಳಿಯ ಬೇಳೆಯ ಸಾರವೆಂದು ನೀಲಾಂಬಿಕಾ ಊಹಿಸಿ, ದಂಪತಿಯನ್ನು ಮತ್ತೆ ಕರೆಸಿದರು.

"ನಿಮ್ಮಲ್ಲಿ ಆ ಬ್ಯಾಳಿ ಉಳದದೇನ್ರಿ?"

"ಒಂದ್ ಡಬ್ಬಿ ಅದ. ಕಡೀ ಸಲ ಹೋಳಿಗಿ ಮಾಡಿ ಉಣ್ಣೂಣಂತ ಇಟ್ಟೀನಿ" ಎಂದಳು ಜಗದೇವಿ.

"ಪೂರಾ ಬೇಕಾಗ್ತದ. ಸಸಿ ಬದುಕ್ತಾವಂತ ನಾ ಮಾತು ಕೊಡ್ಲಿಕ್ಕೆ ಆಗೂದಿಲ್ಲ. ಅವು ಹೋದ್ರ ಬ್ಯಾಳೀನೂ ಹೋಗ್ತದ."

ಮರುದಿನ ಜಗದೇವಿ ಡಬ್ಬಿ ತಂದಳು. ಮುಚ್ಚಳ ತೆಗೆದು ಒಮ್ಮೆ ವಾಸನೆ ನೋಡಿ, ಮೇಜಿನ ಮೇಲೆ ಮುಂದಕ್ಕೆ ಸರಿಸಿದಳು.

ಬೇಳೆಯನ್ನು ಅರೆದು ಹೊಸ ಗುಳಿಗೆ ಮಾಡಿದರು. ಬೆರಳೆಣಿಕೆಯಷ್ಟು ಸಸಿಗಳು ಬೇರುಬಿಟ್ಟವು. ಅಷ್ಟೇ ಸಾಕಾಯಿತು. ಕೆಲವು ಸುಗ್ಗಿ ಕಳೆಯುವುದರೊಳಗೆ ಜಗದೇವಿಯ ಹೊಲದ ತುಂಬ ಕರಿಚುಕ್ಕಿ ನಿಂತಿತ್ತು. ಹೋಳಿಗೆ ಊಟಕ್ಕೆ ನೀಲಾಂಬಿಕಾ ಅವರಿಗೆ ಕರೆ ಬಂತು.

ಅವರಿಗೆ ಸಂತೋಷದ ಜೊತೆಗೆ ಒಂದು ಚಿಂತೆಯೂ ಇತ್ತು. ಹೊಟ್ಟಿನಿಂದಲೇ ಗಿಡ ಬರುತ್ತದೆಂದು ಗೊತ್ತಾದ ಮೇಲೆ ಎಷ್ಟೋ ಮನೆಗಳಲ್ಲಿ ಬೀಜ ಎತ್ತಿಡುವುದನ್ನೇ ಬಿಟ್ಟಿದ್ದರು.

"ನೀವೂ ಬಿಟ್ಟೀರೇನ್ರಿ?" ಎಂದು ಊಟಕ್ಕೆ ಹೋದಾಗ ಅಡುಗೆಮನೆಯಲ್ಲಿ ಜಗದೇವಿಯನ್ನು ಕೇಳಿದರು.

"ಗಡಿಗಿ ತುಂಬ ಅದಾವ್ರಿ. ಈ ಸಲ ಬೂದಿ ಹಚ್ಚೀನಿ. ಕೆಂಪು ಕಂಡ್ರ ಇವ್ರಿಗಿ ಗಿರಣಿ ನೆನಪಾಗ್ತದ."

ನೀಲಾಂಬಿಕಾ ನಕ್ಕು, ಮೊರದಿಂದ ಒಂದು ಬೇಳೆ ಎತ್ತಿ ಚನ್ನವೀರನ ಅಂಗೈಯಲ್ಲಿಟ್ಟರು. ಅದರ ಅಂಚಿನಲ್ಲಿ ಸೂಜಿಮೊನೆಯಷ್ಟು ತಗ್ಗಿತ್ತು. "ಭ್ರೂಣ ಕೂತಿದ್ದ ಜಾಗ ಇದು" ಎಂದರು.

ಚನ್ನವೀರ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಹಂಗಂದ್ರ ನಾವು ದಿನಾ ಉಣ್ಣೂದು ಆ ಸಸೀ ಬುತ್ತಿ."

"ಹೌದು. ಅದಕ್ಕೇ ಒಂದ್ ಹಿಡಿ ಮಣ್ಣಿಗೂ ಕೊಡಬೇಕು" ಎಂದಳು ಜಗದೇವಿ, ಬೇಳೆ ತೊಳೆಯುತ್ತ.

ಆ ತಗ್ಗು ಇಂದು ನಮ್ಮ ಅಡುಗೆಮನೆಯ ಡಬ್ಬಿಯ ಬೇಳೆಯಲ್ಲೂ ಇದೆ. ಕುಕ್ಕರಿಗೆ ಹಾಕುವ ಮುಂಚೆ ಒಂದನ್ನು ಬೆಳಕಿಗೆ ಹಿಡಿದರೆ ಕಾಣುತ್ತದೆ.