ಎಲ್ಲದರ ಬಗ್ಗೆಯೂ ಮಾತಾಡಿದ್ದೆವು

ಮನು ನನ್ನ ಬಾಯಿಂದ ಮೊದಲು ಕೇಳಿಸಿಕೊಂಡದ್ದು ಬೈಗುಳ. ಬಾಗೂರಿನ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಲೈಬ್ರರಿಗೆ, ನಾನು ಮೇಲ್ವಿಚಾರಕಿಯಾಗಿ ಸೇರಿ ಒಂದು ವಾರವಾಗಿತ್ತು. ದಿನಾ ಯಾರೋ ಪೇಪರಿನ ಪದಬಂಧವನ್ನು ಪೆನ್ನಿನಲ್ಲಿ ತುಂಬಿಟ್ಟು ಹೋಗುತ್ತಿದ್ದರು. ಅವತ್ತು ಇವನ ಜೇಬಿನಲ್ಲಿ ಪೆನ್ನಿತ್ತು.

“ಇದೇನು ನಿಮ್ಮನೆ ಪೇಪರಾ?” ಅಂದೆ.

“ಅಲ್ಲ ಮೇಡಂ. ತಪ್ಪಾಯ್ತು,” ಅಂದ.

ಮಾರನೆಯ ದಿನ ಎಂಬತ್ತು ದಾಟಿದ ಪಾಪಯ್ಯನವರು ನನ್ನ ಕಣ್ಣೆದುರೇ ಪೆನ್ನು ತೆಗೆದು ಪದಬಂಧಕ್ಕೆ ಕೂತರು. ನಾನು ಮನುವಿನ ಕಡೆ ನೋಡಿದೆ. ಅವನು ಪೇಪರಿನ ಹಿಂದೆ ಮುಖ ಮರೆಸಿಕೊಂಡ. ಸ್ವಲ್ಪ ಹೊತ್ತಿಗೆ ಎರಡು ಕಣ್ಣು ಮಾತ್ರ ಮೇಲೆ ಬಂದವು, ನಗುತ್ತಿದ್ದವು.

“ನೀವ್ಯಾಕೆ ತಪ್ಪು ಒಪ್ಕೊಂಡ್ರಿ?”

“ತಾತಂಗೆ ಅದೊಂದೇ ಖುಷಿ ಕಣ್ರೀ. ನಂಗೆ ಬೈಸ್ಕೊಂಡು ಅಭ್ಯಾಸ ಐತೆ. ಹಾಲಲ್ಲಿ ಫ್ಯಾಟ್ ಕಮ್ಮಿ ಬಂದ್ರೆ ಊರೋರೆಲ್ಲ ನಂಗೇ ಬೈತಾರೆ.”

ಅವನು ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಗಿನ ಹಾಲು ಲಾರಿ ಹತ್ತಿದ ಮೇಲೆ ಮನೆಗೆ ಹೋಗಿ ತಿಂಡಿ ತಿಂದು, ಹತ್ತು ಗಂಟೆಗೆ ಲೈಬ್ರರಿಗೆ ಬರುತ್ತಿದ್ದ. ಹೆಸರು ಕೇಳಿದಾಗ ನನಗೆ ನಗು ಬಂತು.

“ಮನುಸ್ಮೃತಿಯ ಮನುನಾ? ನಮ್ಮಪ್ಪನ ಮುಂದೆ ಈ ಹೆಸರು ಹೇಳ್ಬೇಡಿ, ಎದ್ದು ಹೋಗ್ಬಿಡ್ತಾರೆ,” ಅಂದೆ.

ನಮ್ಮಪ್ಪ ಗಂಗಯ್ಯ. ನಮ್ಮ ಮನೆಯ ಗೋಡೆಯ ಮೇಲೆ ಇರುವುದು ಎರಡೇ ಫೋಟೋ, ಬುದ್ಧನದು ಮತ್ತು ಬಾಬಾಸಾಹೇಬರದು. ಮನುವಿನದು ಊರ ನಡುವಿನ ಮನೆ, ತೆಂಗಿನ ತೋಟದ ಗೌಡರ ಮನೆ. ಇದು ಇಬ್ಬರಿಗೂ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ನಾವು ಒಂದು ವರ್ಷ ಮಾತಾಡಿದೆವು.

“ಹೆಂಗಸ್ರಿಗೆ ಬಸ್ ಫ್ರೀ ಮಾಡಿ, ಗಂಡಸ್ರು ಹಾಸನದ ತನಕ ನಿಂತ್ಕೊಂಡೇ ಓಗೋ ಅಂಗಾಯ್ತು,” ಅಂತ ಅವನು ರಾಜಕೀಯ ಶುರು ಮಾಡುತ್ತಿದ್ದ.

“ನಿಂತ್ಕೊಳ್ಳಿ, ಕಾಲು ಗಟ್ಟಿಯಾಗುತ್ತೆ. ನಮ್ಮವ್ವ ಐವತ್ತು ವರ್ಷಕ್ಕೆ ಮೊದಲ್ನೇ ಸಲ ಗೊರೂರು ಡ್ಯಾಂ ನೋಡ್ಕೊಂಡು ಬಂದ್ಲು. ಯಾರ ಹತ್ರಾನೂ ಕಾಸು ಕೇಳ್ಲಿಲ್ಲ.”

ಅವನು ಒಂದು ನಿಮಿಷ ಯೋಚಿಸಿ, “ಅಂಗಾದ್ರೆ ನಿಂತ್ಕೊತೀನಿ ಬಿಡಿ,” ಅನ್ನುತ್ತಿದ್ದ. ಸೋತಾಗ ಅವನ ಕಿವಿ ಕೆಂಪಾಗುತ್ತಿತ್ತು. ಅದನ್ನು ನೋಡುವುದಕ್ಕೆಂದೇ ನಾನು ಎಷ್ಟೋ ಸಲ ಗೆದ್ದಿದ್ದೇನೆ.

ಒಂದು ದಿನ ಪ್ರಜ್ಞೆಯ ವಿಷಯ ಬಂತು.

“ಹಸೂಗೆ ‘ನಾನು’ ಅಂತ ಇರುತ್ತಾ?” ಅಂತ ಕೇಳಿದೆ.

“ನಮ್ಮ ಹಸೂಗೆ ನನ್ನ ಕಾಲ್ಸಪ್ಪಳ ಗೊತ್ತು.”

“ಅದು ನೀವ್ಯಾರು ಅಂತ ಗೊತ್ತಾದಂಗಾಯ್ತು. ತಾನ್ಯಾರು ಅಂತ ಗೊತ್ತಾ?”

“ಅದು ನಂಗೂ ಗೊತ್ತಿಲ್ವಲ್ರೀ.”

ಪದಬಂಧದಿಂದ ತಲೆ ಎತ್ತದೆಯೇ ಪಾಪಯ್ಯನವರು, “ಮದ್ವೆ ಆಗ್ಲಾ ಮನು. ನೀನ್ಯಾರು ಅಂತ ದಿನಾ ಮೂರೊತ್ತೂ ಯೋಳ್ತಾರೆ,” ಅಂದರು. ನಾವು ಒಬ್ಬರನ್ನೊಬ್ಬರು ನೋಡದೆ ನಕ್ಕೆವು.

ನಾನು ಅವನನ್ನು ಪ್ರೀತಿಸತೊಡಗಿದ್ದು ಯಾವತ್ತು ಎಂದು ಹೇಳಲಾರೆ. ಅವನು ಬರದ ದಿನ ರಿಜಿಸ್ಟರಿನಲ್ಲಿ ತಾರೀಖು ತಪ್ಪು ಬರೆಯುತ್ತಿದ್ದೆ, ಅಷ್ಟು ಗೊತ್ತು. ಅವನದೂ ಅದೇ ಪಾಡು ಅನ್ನುವುದು ಅವನ ಮುಖದಲ್ಲೇ ಬರೆದಿತ್ತು. ಬಾಯಲ್ಲಿ ಮಾತ್ರ ಇಬ್ಬರೂ ಆಡಲಿಲ್ಲ.

ಕೊನೆಗೊಂದು ಭಾನುವಾರ, “ಮನೆಗೆ ಬನ್ನಿ ಕವನಾ, ಅವ್ವ ನೋಡ್ಬೇಕಂತೆ,” ಅಂದ. ಯಾಕೆಂದು ನಾನು ಕೇಳಲಿಲ್ಲ. ಒಳ್ಳೆಯ ಸೀರೆ ಉಟ್ಟು ಹೋದೆ.

ಅವನ ತಾಯಿ ಕಾಮಾಕ್ಷಮ್ಮ ಕೆಟ್ಟವರಲ್ಲ. “ಬಾ ಮಗಾ, ಕುತ್ಕೊ. ಎಷ್ಟು ಲಕ್ಷಣವಾಗಿದ್ದೀಯ,” ಅಂತ ಕುರ್ಚಿ ಕೊಟ್ಟರು. ನನ್ನ ಓದಿನ ಬಗ್ಗೆ, ನಮ್ಮವ್ವನ ಮಂಡಿನೋವಿನ ಬಗ್ಗೆ ವಿಚಾರಿಸಿದರು. ಒಳಗೆ ಹೋಗಿ ಕಾಫಿ ತಂದರು. ಮಗನಿಗೆ ಸ್ಟೀಲ್ ಲೋಟ, ತಮಗೆ ಸ್ಟೀಲ್ ಲೋಟ. ನನಗೆ ಪೇಪರ್ ಕಪ್ಪು.

ಮನು ನೋಡಿದ. ನಾನು ಅವನು ನೋಡಿದ್ದನ್ನು ನೋಡಿದೆ. ಅವನ ಕಿವಿ ಕೆಂಪಾಯಿತು. ಆಮೇಲೆ ಅವನು ಲೋಟ ಎತ್ತಿ ಕುಡಿದ.

ಕಾಫಿ ಚೆನ್ನಾಗಿತ್ತು. ಪೂರ್ತಿ ಕುಡಿದು, “ಬರ್ತೀನಿ ಅಮ್ಮ” ಅಂತ ಹೇಳಿ ಬಂದೆ. ಅವತ್ತು ನನಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಅದು ಅವನ ಪರವಾಗಿ ಆದ ನಾಚಿಕೆ.

ಎಂಟು ದಿನ ಅವನು ಲೈಬ್ರರಿ ಕಡೆ ಸುಳಿಯಲಿಲ್ಲ. ಒಂಬತ್ತನೆಯ ದಿನ ಬಂದು ನನ್ನ ಮೇಜಿನ ಮುಂದೆ ನಿಂತ.

“ಅವತ್ತಿಂದ ನಾನೂ ಪೇಪರ್ ಕಪ್ಪಲ್ಲೇ ಕುಡೀತಿದೀನಿ. ಊಟಾನೂ ತಟ್ಟೇಲಲ್ಲ, ಇಸ್ತ್ರೀ ಎಲೇಲೇ,” ಅಂದ. ಏನೋ ದೊಡ್ಡ ಕಾಣಿಕೆ ತಂದವನ ಹಾಗಿತ್ತು ಮುಖ.

“ಅದರಿಂದ ನಂಗೇನು ಸಿಕ್ತು?”

ನಾನು ರಿಜಿಸ್ಟರ್ ಮುಚ್ಚಿದೆ.

“ನೀವು ಪೇಪರ್ ಕಪ್ಪಿಗೆ ಇಳಿದ್ರೆ ನಾನು ಮೇಲೆ ಬಂದಂಗಾ? ನಂಗೆ ಬೇಕಾಗಿದ್ದು ಆ ಸ್ಟೀಲ್ ಲೋಟ ಕಣ್ರೀ. ಡೈರೀಲಿ ನಮ್ಮನೆ ಹಾಲು, ನಿಮ್ಮನೆ ಹಾಲು ಒಂದೇ ಕ್ಯಾನಿಗೆ ಸುರೀತೀರಿ. ಅವತ್ತು ನಾನು ಕುಡಿದ ಕಾಫೀಲಿ ಯಾರ್ ಹಾಲಿತ್ತು ಅಂತ ನಾನು ಕೇಳಿದ್ನಾ?”

“ಅವ್ವಂಗೆ ನೋವಾಗ್ತದೆ ಅಂತ…”

“ನಂಗೆ ಆಗ್ಲಿಲ್ವಾ?”

ಲೈಬ್ರರಿಯಲ್ಲಿ ಎಲ್ಲರೂ ಪೇಪರ್ ಓದುವುದನ್ನು ನಿಲ್ಲಿಸಿದ್ದರು. ನನಗೆ ಅದರ ಪರಿವೆಯಿರಲಿಲ್ಲ. “ಒಂದು ವರ್ಷ ಸಮಾಜ ಅಂದ್ರಿ, ಸಮಾನತೆ ಅಂದ್ರಿ, ಹಸೂ ಮನಸ್ಸಿನ ತನಕ ಹೋದ್ರಿ. ಅವತ್ತು ಬೇಕಾಗಿದ್ದು ಒಂದೇ ಒಂದು ಮಾತು. ‘ಅವ್ವಾ, ಲೋಟ ತತ್ತಾ.’ ಅಷ್ಟು ಹೇಳೋಕಾಗ್ಲಿಲ್ಲ ನಿಮ್ಗೆ.”

ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ. ಇನ್ನು ಬರುವುದಿಲ್ಲ ಅಂದುಕೊಂಡೆ. ಆ ರಾತ್ರಿ ಅತ್ತುಬಿಟ್ಟೆ, ಚೆನ್ನಾಗಿಯೇ ಅತ್ತೆ.

ನಾಲ್ಕು ದಿನ ಕಳೆದು ಬಾಗಿಲು ಮುಚ್ಚುವ ಹೊತ್ತಿಗೆ ಬಂದ. ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತ.

“ಅವ್ವಂಗೆ ಯೋಳ್ಬುಟ್ಟೆ.”

“ಏನಂತ?”

“ಕವನಾನ ಮದ್ವೆ ಆಗ್ಬೇಕು ಅಂತಿದೀನಿ. ನಮ್ಮನೇಲಿ ಅವ್ರಿಗೆ ಕೊಡೋ ಲೋಟ ಇಲ್ಲಾಂದ್ರೆ, ನಂಗೂ ಇಲ್ಲಿ ಮನೆ ಇಲ್ಲ ಅಂತ.”

“ಅದಕ್ಕೆ?”

“ಅತ್ತಳು. ನನ್ನ ಹೆತ್ತಿದ್ದಕ್ಕೆ ತನ್ನನ್ನೇ ಬೈಕೊಂಡಳು. ಎರಡು ದಿನ ಮಾತು ಬಿಟ್ಟಳು. ಇವತ್ತು ‘ಆ ಹುಡುಗಿ ಕಾಪಿಗೆ ಸಕ್ಕರೆ ಎಷ್ಟು ಆಕ್ಕಂತಾಳೆ’ ಅಂತ ಕೇಳಿದ್ಲು. ಅದು ಒಪ್ಪಿಗೆನೋ ಏನೋ, ನಂಗೊತ್ತಿಲ್ಲ. ಸುಳ್ಳು ಯೋಳಕ್ಕಿಲ್ಲ.”

“ಮದುವೆ ಅಂತ ನಿಮ್ಮವ್ವಂಗೆ ಹೇಳಿದ್ರಲ್ಲ, ನನ್ನ ಕೇಳಿದ್ರಾ?”

“ಈಗ ಕೇಳ್ತಿದೀನಿ.”

ಅವನ ಕಿವಿ ಕಡೆ ನೋಡಲಿಲ್ಲ, ಕಣ್ಣಿನ ಕಡೆ ನೋಡಿದೆ. ಹೆದರಿದ್ದ, ಆದರೆ ಕಣ್ಣು ತಪ್ಪಿಸಲಿಲ್ಲ. ನನಗೆ ಅವನು ಬೇಕಾಗಿದ್ದ, ಮೊದಲಿಗಿಂತಲೂ ಹೆಚ್ಚಾಗಿ. ಅದನ್ನು ಹಾಗೇ ಹೇಳಿದೆ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಆದ್ರೆ ಒಂದ್ ಮಾತು,” ಅಂದೆ. “ನಿಮ್ಮನೇಲಾಗ್ಲಿ, ನಿಮ್ಮ ನೆಂಟರ ಮನೇಲಾಗ್ಲಿ, ಇನ್ನೊಂದ್ಸಲ ಹಂಗಾದ್ರೆ ನಾನು ಕುಡಿಯಲ್ಲ. ಎದ್ದು ಹೋಗ್ತೀನಿ.”

“ಎದ್ದೋಗಿ,” ಅಂದ ಮನು. “ನಾನೂ ಜತೇಲಿ ಬತ್ತೀನಿ.”