ಭಾನುವಾರ ನಡುಗದ ಕಡಲು

"ಸಂಜೆಯೊಳಗೆ ಕೆಲಸ ಬಿಡಬೇಕಂತೆ ಆಂಟಿ," ಎಂದು ಪ್ರಿಯಾಂಕಾ ಕಣ್ಣೊರೆಸಿಕೊಂಡಳು.

ಸೊಣ್ಣಮ್ಮ ಬಿಡಿಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟರು. ಬಿಟಿಎಂ ಲೇಔಟ್ ಹೊಲವಾಗಿದ್ದಾಗ ಅಲ್ಲೇ ರಾಗಿ ಬೆಳೆದವರು, ಈಗ ಈ ಕಟ್ಟಡದ ಒಡತಿ. ಕಟ್ಟಡದಲ್ಲಿ ಏನು ಕಳೆದರೂ ಪತ್ತೆ ಹಚ್ಚುವುದು ಅವರೇ. ಅವರ ಬಲಗೈ, ಎರಡನೇ ಮಹಡಿಯ ಕಚೇರಿಯ ಅಟೆಂಡರ್ ಲಕ್ಕಪ್ಪ, ಆಗ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಆಯುಧಪೂಜೆಗೆ ಇಡೀ ಕಚೇರಿಯನ್ನು ಒಬ್ಬನೇ ತೊಳೆದು ಬೆಳಗಿದ ಜಂಭ ಅವನಿಗೆ ಮೂರು ವಾರವಾದರೂ ಇಳಿದಿರಲಿಲ್ಲ.

ದೂರದೇಶದ ಕಂಪನಿಯೊಂದು ಅಲ್ಲಿನ ಕಡಲ ತಳದಡಿ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿಡಲಿತ್ತು. ಅದಕ್ಕೆ ಮೊದಲು ಅಲ್ಲಿ ಭೂಮಿ ತಾನಾಗಿ ಎಷ್ಟು ನಡುಗುತ್ತದೆಂದು ಅದೇ ಕಚೇರಿಯ ಪ್ರಿಯಾಂಕಾ ಪಟ್ಟಿ ಮಾಡಬೇಕಿತ್ತು. ಪಟ್ಟಿ ಕೆಟ್ಟರೆ, ಮುಂದೆ ನಡುಗಿದ್ದು ಅನಿಲದಿಂದಲೋ ತಾನಾಗಿಯೋ ಯಾರಿಗೂ ತಿಳಿಯದು. ತಿಂಗಳಿಗೊಂದಿದ್ದ ಕಂಪನ ಹಬ್ಬದ ನಂತರ ಹನ್ನೆರಡಾಗಿತ್ತು. ಕೆಲಸ ತೋರಿಸಲು ಇಲ್ಲದ ಕಂಪನಗಳನ್ನು ಅವಳೇ ಹುಟ್ಟಿಸಿದ್ದಾಳೆಂದು ಮ್ಯಾನೇಜರ್ ಗುರುಶಾಂತಪ್ಪನ ಆರೋಪ.

ಸೊಣ್ಣಮ್ಮ ಅವಳು ತಂದಿದ್ದ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕ ಹಿಡಿದರು. "ಎಲ್ಲಾ ಹಗಲೊತ್ತು. ಭಾನುವಾರ ಒಂದೂ ಇಲ್ಲ. ಭೂಮ್ತಾಯಿಗೂ ವಾರದ ರಜಾ ಕೊಟ್ಟವ್ರಾ?"

"ಕಡಲ ತಳ ಪರೀಕ್ಷೆ ಮಾಡೋಕೆ ಸರ್ವೆ ಹಡಗಿನವರು ಸಿಡಿಸ್ತಾರೆ ಆಂಟಿ, ಅದೂ ಕಂಪನದ ಥರಾನೇ ಕಾಣುತ್ತೆ. ಆದ್ರೆ ಸಿಡಿಸಿದ ಹೊತ್ತು ಬರೆದಿಡೋ ಡೈರಿ ನೋಡಿ ಅವನ್ನ ಪಟ್ಟಿಯಿಂದ ತೆಗೀತೀನಿ. ಈ ಹನ್ನೆರಡರ ಟೈಮಲ್ಲಿ ಡೈರೀಲಿ ಏನೂ ಇಲ್ಲ."

"ಡೈರಿ ಯಾರು ಬರೆಯೋದು?"

"ಹಡಗಿಂದ ಫೋನ್ ಬಂದಾಗ ಯಾರಿರ್ತಾರೋ ಅವ್ರು, ಗೋಡೆ ಗಡಿಯಾರ ನೋಡ್ಕೊಂಡು."

ಮೂವರೂ ಮೇಲೆ ಹೋದರು. ಗಡಿಯಾರದ ಗಾಜಿನ ಮೇಲೆ ಒಣಗಿದ ಕುಂಕುಮದ ಬೊಟ್ಟಿತ್ತು. "ಟೈಮೆಷ್ಟು ಲಕ್ಕಪ್ಪ?" ಎಂದರು ಸೊಣ್ಣಮ್ಮ. ಅವನು ಫೋನ್ ನೋಡಿ, "ಹನ್ನೊಂದೂವರಿ ಅಮ್ಮಾರ," ಎಂದ. ಗಡಿಯಾರವೂ ಹನ್ನೊಂದೂವರೆ ತೋರಿಸುತ್ತಿತ್ತು. ಸೊಣ್ಣಮ್ಮ ಮ್ಯಾನೇಜರ್ ಸಮೇತ ಎಲ್ಲರನ್ನೂ ಕರೆಸಿದರು.

"ನಾನು ಮುಂಚೆ ಬಂದಾಗೆಲ್ಲ ಈ ಗಡಿಯಾರ ಹಿಂದೆ ಇರ್ತಿತ್ತು," ಎಂದರು.

"ಅಯ್ಯೋ! ಅದು ಕಡಲಿನ ಹೊತ್ತು, ಕಂಪನದ ಪಟ್ಟೀನೂ ಅದೇ ಹೊತ್ತಲ್ಲಿರೋದು. ಐದೂವರೆ ಗಂಟೆ ಹಿಂದೇನೇ ಇರ್ಬೇಕು!" ಎಂದು ಪ್ರಿಯಾಂಕಾ ಕೂಗಿದಳು.

"ಪೂಜೆಗೆ ಇಳಿಸ್ದಾಗ ಯಾರೋ ತಿರುಗಿಸವ್ರೆ," ಎಂದರು ಸೊಣ್ಣಮ್ಮ. " ಅವತ್ತಿಂದ ಡೈರಿ ಮುಂದೋಯ್ತು, ಸಿಡಿತವೆಲ್ಲ ಭೂಕಂಪ ಆಯ್ತು. ತಾಳೆ ನೋಡಿ."

ತಾಳೆ ನೋಡಿದರು. ಹನ್ನೆರಡಕ್ಕೂ ಡೈರಿಯಲ್ಲಿ ಸರಿಯಾಗಿ ಐದೂವರೆ ಗಂಟೆ ಹೆಚ್ಚಿತ್ತು.

"ಯಾರು ತಿರುಗಿಸಿದ್ದು? ಇವಳೇ ಇರಬಹುದಲ್ಲ?" ಎಂದ ಗುರುಶಾಂತಪ್ಪ.

ಸೊಣ್ಣಮ್ಮ ಯಾರ ಹೆಸರನ್ನೂ ಹೇಳಲಿಲ್ಲ, ಲಕ್ಕಪ್ಪನತ್ತ ತಿರುಗಿಯೂ ನೋಡಲಿಲ್ಲ. ಅವರಿಗೆ ಗೊತ್ತಾಗಿದೆ, ತನ್ನನ್ನು ಉಳಿಸುತ್ತಿದ್ದಾರೆ ಎಂಬುದು ಆಗ ಅವನಿಗೆ ಹೊಳೆಯಿತು. ಈ ವಯಸ್ಸಿನಲ್ಲಿ ಕೆಲಸ ಹೋದರೆ ಯಾರು ಕೊಡುತ್ತಾರೆ? ಆದರೆ ಹುಡುಗಿ ಅಳುತ್ತಿದ್ದಳು.

"ನಾನ ತಿರುವೀನ್ರೀ ಸಾಹೇಬ್ರ. ಹಬ್ಬದ ದಿನ ಗಡಿಯಾರ ತಪ್ಪು ತೋರಿಸಬಾರದಂತ ಸರಿ ಮಾಡಿದೆ."

ಗುರುಶಾಂತಪ್ಪ ಪ್ರಿಯಾಂಕಾಳಿಗೆ ಕೈಮುಗಿದು, ಲಕ್ಕಪ್ಪನ ಮುಂದೆ ತಾನೇ ಸ್ಟೂಲ್ ತಂದಿಟ್ಟ. "ಹಂಗಾದ್ರೆ ಹಿಂದಕ್ಕೂ ನೀನೇ ತಿರುಗಿಸು."

ಲಕ್ಕಪ್ಪ ಹತ್ತಿದ. ಕೆಳಗಿನಿಂದ ಪ್ರಿಯಾಂಕಾ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡು ಗಂಟೆ ಹೇಳುತ್ತಾ ಹೋದಳು.