ಮೊಳೆ ಬಿಟ್ಟು ಹೋದ ಸಂತ

"ಸಂತ ಇಲ್ಲ, ಪೊಲಿಕ್ಸೆನಿ. ಕೈಯಿಟ್ಟೆ, ಬರೀ ಮೊಳೆ ಚುಚ್ಚಿತು."

ಗ್ರೀಸಿನ ಗಲಾಕ್ಸಿದಿಯ ಬಂದರುಕಟ್ಟೆಯಿಂದ ಔಷಧಿ ಅಂಗಡಿಯವರೆಗೆ ಓಡೋಡಿ ಬಂದ ಕ್ಯಾಪ್ಟನ್ ಝಾನಿಸ್ ಏದುಸಿರಿನಲ್ಲೇ ಹೇಳಿದ ಮೊದಲ ಮಾತು ಅದು. ಫೋಟಿಸ್ ಅಳೆಯುತ್ತಿದ್ದ ಕೆಮ್ಮಿನ ಔಷಧಿಯನ್ನು ಬಿಟ್ಟು ಕುರ್ಚಿ ಎಳೆದುಕೊಟ್ಟ. ಕ್ಯಾಪ್ಟನ್ ಅದನ್ನು ತಡವಿ ಕೂತರು. ಅಂಗಡಿ ಫೋಟಿಸನದೇ ಆದರೂ ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಮಾತ್ರೆಗೆ ಬರುತ್ತಿರಲಿಲ್ಲ, ಅವನ ಮಹಡಿಯಲ್ಲಿ ಬಾಡಿಗೆಗಿದ್ದ ಪೊಲಿಕ್ಸೆನಿಯನ್ನು ನೋಡಲು ಬರುತ್ತಿದ್ದರು. ಬಂದರು ಪೊಲೀಸಿನಿಂದ ನಿವೃತ್ತರಾದ, ಊರಿನ ಕಿರಿಯರೆಲ್ಲ ಅತ್ತೆ ಎಂದೇ ಕರೆಯುತ್ತಿದ್ದ ಆಕೆ ಬೆಳಿಗ್ಗೆಯೆಲ್ಲ ತಣ್ಣನೆಯ ಕಾಫಿ ಹಿಡಿದು ಅಂಗಡಿ ಬಾಗಿಲಲ್ಲಿ ಕೂತಿರುತ್ತಿದ್ದರು. ಊರಿನ ಕಳವು, ಜಗಳ, ಕಾಣೆಯಾದ ಮೇಕೆ, ಎಲ್ಲಕ್ಕೂ ಅಲ್ಲೇ ನ್ಯಾಯ. ಅವರ ಹಿಂದೆ ಹಿಂದೆ ತಿರುಗುವುದೇ ಫೋಟಿಸನ ಬಾಳಿನ ದೊಡ್ಡ ಸುಖ.

"ನಿಧಾನಕ್ಕೆ ಹೇಳು ಝಾನಿಸ್. ನಾಳೆ ಹೊರಡೋದು ತಾನೇ?"

"ಹೊರಡೋದು ಎಲ್ಲಿಂದ ಬಂತು? ಸಂತ ನಿಕೋಲಾಸ್ ಇಲ್ಲದೆ ನಾನು ಯಾವತ್ತಾದ್ರೂ ಹಗ್ಗ ಬಿಚ್ಚಿದ್ದೀನಾ?"

ಊರಿಗೆಲ್ಲ ಗೊತ್ತಿದ್ದ ಪ್ರವಾಸ ಅದು. ಕ್ಯಾಪ್ಟನ್ ತಮ್ಮ ಹಾಯಿದೋಣಿ 'ಮರಿಗೋ'ವನ್ನು ಕೊಲ್ಲಿಯುದ್ದಕ್ಕೂ ಪಶ್ಚಿಮಕ್ಕೆ ನಡೆಸಿ ಇಥಾಕಾ ದ್ವೀಪ ಮುಟ್ಟುವುದು, ಅಲ್ಲಿ ಕಿಯೋನಿ ಎಂಬ ಹಳ್ಳಿಯಲ್ಲಿ ಲಂಗರು ಹಾಕುವುದು. ಕಿಯೋನಿ ಅವರ ತೀರಿಹೋದ ಹೆಂಡತಿ ಮರಿಗೋ ಹುಟ್ಟಿದ ಊರು. ಇನ್ನೊಂದು ಸಲ ಅಲ್ಲಿಗೆ ಕರೆದೊಯ್ಯುತ್ತೇನೆಂದು ಕೊಟ್ಟ ಮಾತು ಹಾಗೇ ಉಳಿದಿತ್ತು. ದೋಣಿಯಿಂದ ಕಳುವಾದ, ನಾವಿಕರನ್ನು ಕಾಯುವ ಆ ಸಂತನ ಪಟಕ್ಕೆ ಕೆಂಪು ಮಖಮಲ್ಲಿನ ಹೊದಿಕೆ ಹೊಲಿದವಳೂ ಅವಳೇ. ಜೊತೆಗೆ ಬರಬೇಕಾದ ಮಗಳ ಬೇಕರಿಗೆ ವರ್ಷಕ್ಕೊಮ್ಮೆ ಬೀಗ ಬೀಳುವ ವಾರ ಇದೊಂದೇ, ಈ ಸಲ ತಪ್ಪಿದರೆ ಮುಂದಿನ ಬೇಸಿಗೆಯನ್ನು ಕ್ಯಾಪ್ಟನ್ ನಂಬುವಂತಿರಲಿಲ್ಲ.

ಪೊಲಿಕ್ಸೆನಿ ಕಾಫಿ ಕೆಳಗಿಟ್ಟರು. ಫೋಟಿಸ್ ಅಂಗಡಿಗೆ ಬೀಗ ಜಡಿದೇ ಬಿಟ್ಟ.

ದೋಣಿಯ ಕೋಣೆಯ ಬೀಗ ಒಡೆದಿರಲಿಲ್ಲ. ಕೀಲಿ ಎಂದಿನಂತೆ ಹಗ್ಗದ ಸುರುಳಿಯ ಕೆಳಗಿತ್ತು. ಆ ಜಾಗ ಗೊತ್ತಿದ್ದವರು ಮಗಳು ಆರ್ಗಿರೊ, ಅಳಿಯ ಸ್ಟ್ರಾಟೋಸ್, ಮತ್ತು ಜೊತೆಗೆ ನಿಂತು ದೋಣಿಗೆ ವಾರ್ನಿಷ್ ಬಳಿದ ಪಕ್ಕದ ಮನೆಯ ಇಯೊರ್ದಾನಿಸ್. ಒಳಗೆ ಹಿತ್ತಾಳೆಯ ಹಳೆಯ ದಿಕ್ಸೂಚಿ ಇದ್ದಲ್ಲೇ ಇತ್ತು. ಪಟದ ಮುಂದಿನ ಎಣ್ಣೆದೀಪವನ್ನು ಯಾರೋ ಆರಿಸಿ, ಎಣ್ಣೆ ಚೆಲ್ಲದಂತೆ ಬಟ್ಟಲೊಂದರಲ್ಲಿ ನೆಟ್ಟಗೆ ನಿಲ್ಲಿಸಿಟ್ಟಿದ್ದರು.

"ಇಯೊರ್ದಾನಿಸನದೇ ಕೆಲಸ," ಎಂದ ಫೋಟಿಸ್. "ಈ ದೋಣಿ ಕೊಂಡು ತನ್ನ ಹೋಟೆಲಿನ ಮುಂದೆ ನಿಲ್ಲಿಸಿ ಒಳಗೆ ಹೂಗಿಡ ನೆಡ್ತಾನಂತೆ. ಪ್ರವಾಸ ನಿಂತರೆ ಮುದುಕ ಬೇಸತ್ತು ಮಾರ್ತಾನೆ ಅಂತ ಲೆಕ್ಕ. ಇಲ್ಲದಿದ್ರೆ ಸ್ಟ್ರಾಟೋಸ್. ದೋಣಿ ಅಂದ್ರೆ ಸಾಕು, ಅವನಿಗೆ ಹೊಟ್ಟೆ ತೊಳಸುತ್ತೆ."

"ಆ ದೀಪ ನೋಡಿದೆಯಾ?" ಎಂದರು ಪೊಲಿಕ್ಸೆನಿ. "ಝಾನಿಸ್, ಮಧ್ಯಾಹ್ನ ಎಲ್ಲರನ್ನೂ ಊಟಕ್ಕೆ ಕರಿ. ಏನೂ ಆಗಿಲ್ಲ ಅನ್ನೋ ಹಾಗೆ ನಕ್ಷೆ ಹಾಸು."

ಕ್ಯಾಪ್ಟನ್ ಮನೆಯಂಗಳದ ಮೇಜಿನ ಮೇಲೆ ಹುರಿದ ಮೀನು, ಟೊಮೇಟೊ, ಹೋಳು ಮಾಡಿದ ಕಲ್ಲಂಗಡಿ, ನಡುವೆ ಸಮುದ್ರದ ನಕ್ಷೆ. ಪ್ರವಾಸದ ಮಾತು ಶುರುವಾದದ್ದೇ ತಡ, ಕಳವು ಎಲ್ಲರಿಗೂ ಮರೆತೇ ಹೋಯಿತು. ಗಾಳಿ ಯಾವ ಹೊತ್ತಿಗೆ ಏಳುತ್ತದೆ, ಕೊಲ್ಲಿಯ ಬಾಯಲ್ಲಿರುವ ಸೇತುವೆ ಕೆಳಗೆ ಯಾವಾಗ ನುಗ್ಗಬೇಕು, ಯಾವ ಕೊಲ್ಲಿಯಲ್ಲಿ ಈಜಬೇಕು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಪ್ರವಾಸಕ್ಕೂ ತನಗೂ ಸಂಬಂಧವಿಲ್ಲದ ಫೋಟಿಸನಿಗೇ ಎದೆ ಡವಗುಟ್ಟತೊಡಗಿತು.

"ಮಾವ, ನಾನು ಬಸ್ಸಲ್ಲಿ ಬಂದು ದಡದಿಂದ ಕೈ ಬೀಸ್ತೀನಿ," ಎಂದ ಸ್ಟ್ರಾಟೋಸ್.

"ದ್ವೀಪಕ್ಕೂ ಬಸ್ಸಲ್ಲೇ ಬರ್ತೀಯಾ, ಮಹಾರಾಯ?" ಎಂದು ಇಯೊರ್ದಾನಿಸ್ ಛೇಡಿಸಿದ. "ಕ್ಯಾಪ್ಟನ್, ನೀವು ವಾಪಸ್ ಬಂದ ಮೇಲಾದ್ರೂ ಮಾರ್ತೀರಾ?"

"ನಾನು ಸತ್ತ ಮೇಲೆ ಕೇಳು," ಎಂದು ಕ್ಯಾಪ್ಟನ್ ನಕ್ಷೆಯ ಮೇಲೆ ಬೆರಳಿಟ್ಟರು. "ಇದು ನಮ್ಮೂರು. ಹೀಗೆ ಎಡಕ್ಕೆ, ಪಶ್ಚಿಮಕ್ಕೆ." ಬೆರಳು ತಡವರಿಸದೆ ಎಡಕ್ಕೆ ಜಾರಿತು. ಅಷ್ಟರಲ್ಲಿ ಆರ್ಗಿರೊ ಮೀನಿನ ತಟ್ಟೆ ಇಡಲೆಂಬಂತೆ ಬಗ್ಗಿ, ನಕ್ಷೆಯನ್ನು ಎತ್ತಿ ತಿರುಗಿಸಿ ಹಾಸಿದಳು. ಮೇಜು ಚೊಕ್ಕವಾಗಿರಬೇಕೆಂಬ ಹೆಣ್ಣುಮಗಳೆಂದು ಫೋಟಿಸ್ ಮೆಚ್ಚಿಕೊಂಡ.

"ಅದು ಸರಿ, ಮೊದಲ ಲಂಗರು ಎಲ್ಲಿ?" ಎಂದು ಪೊಲಿಕ್ಸೆನಿ ಕೇಳಿದರು.

"ಟ್ರಿಜೋನಿಯಾ," ಎಂದು ಆರ್ಗಿರೊ, ಸ್ಟ್ರಾಟೋಸ್ ಇಬ್ಬರೂ ಒಂದೇ ಉಸಿರಿಗೆ ಹೇಳಿದರು.

"ಕೆಂಪು ಮುಟ್ಟಿ, ಕೆಂಪು ಮುಟ್ಟಿ," ಎಂದು ಇಯೊರ್ದಾನಿಸ್ ಮೇಜು ಬಡಿದ. ಇಬ್ಬರ ಬಾಯಲ್ಲಿ ಒಂದೇ ಮಾತು ಒಟ್ಟಿಗೆ ಬಂದರೆ ಇಬ್ಬರೂ ತಕ್ಷಣ ಕೆಂಪಾದದ್ದೇನನ್ನಾದರೂ ಮುಟ್ಟಬೇಕು, ಇಲ್ಲದಿದ್ದರೆ ಅವರ ನಡುವೆ ಜಗಳ ಖಂಡಿತ. ಆ ಊರಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿರುವ ವಿಷಯ. ಸ್ಟ್ರಾಟೋಸ್ ಕಲ್ಲಂಗಡಿಗೆ ಬೆರಳು ಚುಚ್ಚಿ ಅಂಗಿಗೆಲ್ಲ ರಸ ಚಿಮ್ಮಿಸಿಕೊಂಡ. ಆರ್ಗಿರೊಳ ಕೈ ಕುರ್ಚಿಗೆ ತೂಗುಹಾಕಿದ್ದ ಅವಳ ಹುಲ್ಲಿನ ಚೀಲವನ್ನು ಒತ್ತಿ ಹಿಂದೆ ಬಂತು. ಅಳಿಯನ ಅವತಾರ ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಪೊಲಿಕ್ಸೆನಿ ನಗಲಿಲ್ಲ. "ಸಂಜೆ ದೋಣಿಯ ಹತ್ತಿರ ಬನ್ನಿ," ಎಂದು ಎದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಕಟ್ಟೆಯ ಮೇಲೆ ಸೇರಿದ್ದರು. ಸ್ಟ್ರಾಟೋಸ್ ನೀರಿನಿಂದ ದೂರ ನಿಂತಿದ್ದ.

"ಕದ್ದವರಿಗೆ ಹಣದ ಆಸೆ ಇರಲಿಲ್ಲ," ಎಂದು ಪೊಲಿಕ್ಸೆನಿ ಶುರುಮಾಡಿದರು. "ಇದ್ದಿದ್ರೆ ದಿಕ್ಸೂಚಿ ಉಳೀತಿರಲಿಲ್ಲ. ಪ್ರವಾಸ ನಿಲ್ಲಬೇಕಿತ್ತು, ಅಷ್ಟೇ. ಇಯೊರ್ದಾನಿಸ್, ನಿನಗೆ ಆಸೆ ಇತ್ತು. ಆದ್ರೆ ವಾರ್ನಿಷ್ ಡಬ್ಬಿಯ ಮುಚ್ಚಳ ಹಾಕೋಕೂ ನೆನಪಿರದ ನೀನು ದೀಪದ ಎಣ್ಣೆ ಚೆಲ್ಲದ ಹಾಗೆ ನೋಡ್ಕೊಳ್ಳಲ್ಲ. ಸ್ಟ್ರಾಟೋಸ್, ನಿನಗೂ ಕಾರಣ ಇತ್ತು. ಕಟ್ಟಿಹಾಕಿದ ದೋಣಿ ಹತ್ತಿದರೂ ನೀನು ವಾಂತಿ ಮಾಡ್ದೆ ಇಳಿಯಲ್ಲ, ಕೋಣೆ ಚೊಕ್ಕವಾಗಿತ್ತು."

"ಮರ್ಯಾದೆ ತೆಗೀಬೇಡಿ ಅತ್ತೆ," ಎಂದು ಸ್ಟ್ರಾಟೋಸ್ ಗೊಣಗಿದ.

"ಕದ್ದವರಿಗೆ ಸಂತನ ಮೇಲೆ ಭಕ್ತಿ ಇತ್ತು. ಅಂಥವರು ಪಟವನ್ನ ಕಂಡಕಂಡಲ್ಲಿ ತುರುಕಲ್ಲ, ಮೈಗೆ ಅಂಟಿಸಿಕೊಂಡೇ ಓಡಾಡ್ತಾರೆ. ಮಧ್ಯಾಹ್ನ ಕೈಯಳತೆಯಲ್ಲೇ ಟೊಮೇಟೊ ಇತ್ತು, ಕಲ್ಲಂಗಡಿ ಇತ್ತು. ಅವೆರಡನ್ನೂ ಬಿಟ್ಟು ಆರ್ಗಿರೊಳ ಕೈ ಹೋಗಿದ್ದು ಹುಲ್ಲಿನ ಬಣ್ಣದ ಚೀಲಕ್ಕೆ. ಒಳಗೆ ಕೆಂಪು ಇದೆ ಅಂತ ಆ ಕೈಗೆ ಗೊತ್ತಿತ್ತು."

ಆರ್ಗಿರೊ ಚೀಲದಿಂದ ಮಖಮಲ್ಲಿನ ಗಂಟು ತೆಗೆದು ಎದೆಗೊತ್ತಿಕೊಂಡಳು.

"ಯಾಕೆ ಅಂತ ನೀನೇ ಹೇಳ್ತೀಯಾ, ನಾನು ಹೇಳಲಾ?" ಎಂದು ಪೊಲಿಕ್ಸೆನಿ ಮೆಲ್ಲಗೆ ಕೇಳಿದರು.

"ಅಪ್ಪನಿಗೆ ಕಣ್ಣು ಕಾಣಲ್ಲ, ಅತ್ತೆ," ಎಂದಳು ಆರ್ಗಿರೊ. "ಈಸ್ಟರ್ ಆದ ಮೇಲೆ ಒಂದು ದಿನ, ನೀರಲ್ಲಿ ತೇಲೋ ಗುರುತಿನ ಬುಂಡೆಯನ್ನ ಇಯೊರ್ದಾನಿಸನ ದೋಣಿ ಅಂದ್ಕೊಂಡು ಕೈ ಬೀಸಿ ಕ್ಷೇಮ ವಿಚಾರಿಸ್ತಿದ್ದ. ಇವತ್ತು ನಕ್ಷೆ ಅವನ ಪಾಲಿಗೆ ತಲೆಕೆಳಗಾಗಿತ್ತು. ಎಡಕ್ಕೆ ಬೆರಳು ಎಳೆದು ಪಶ್ಚಿಮ ಅಂದ, ಬೆರಳು ಹೋಗಿದ್ದು ಪೂರ್ವಕ್ಕೆ. ನಾನು ತಿರುಗಿಸದಿದ್ರೆ ಎಲ್ಲರಿಗೂ ಗೊತ್ತಾಗ್ತಿತ್ತು. ನಲವತ್ತು ವರ್ಷ ಕ್ಯಾಪ್ಟನ್ ಅನ್ನಿಸಿಕೊಂಡವನು ಜನರ ಮುಂದೆ ಬಂಡೆಗೆ ಗುದ್ದಿ ನಗೆಪಾಟಲಾಗೋದನ್ನ ನಾನು ಹೇಗೆ ನೋಡಲಿ?"

ಎಲ್ಲರೂ ತಲೆ ತಗ್ಗಿಸಿದರು. ಕ್ಯಾಪ್ಟನ್ ಮಾತ್ರ ಮಗಳ ದನಿ ಬಂದತ್ತ ತಿರುಗಿದರು.

"ಹುಚ್ಚಿ, ಕಾಣಲ್ಲ ಅಂತ ನನಗೆ ಗೊತ್ತಿಲ್ವಾ? ದೋಣಿ ನಡೆಸೋದು ನಾನು ಅಂತ ನಿನಗೆ ಯಾರು ಹೇಳಿದ್ದು?"

"ಮತ್ತಿನ್ಯಾರು?"

"ಹನ್ನೆರಡು ವರ್ಷದ ಹುಡುಗಿ ಇದ್ದಾಗ ಚುಕ್ಕಾಣಿ ಹಿಡ್ಕೊಂಡು ನನಗಿಂತ ನೆಟ್ಟಗೆ ನಡೆಸ್ತಿದ್ದವಳು ಯಾರು? ಹಗ್ಗ ಬಿಚ್ಚಿದ ಕೂಡಲೇ ನಿನ್ನ ಕೈಗೆ ಕೊಡಬೇಕು ಅಂತಿದ್ದೆ. ಮೊದಲೇ ಹೇಳಿದ್ರೆ ನೀನು ಬೇಕರಿ, ಹಿಟ್ಟು, ಮರೆತುಹೋಗಿದೆ ಅಂತ ನೂರು ನೆವ ತೆಗೀತಿದ್ದೆ. ದಾರಿ ನಾನು ಹೇಳ್ತೀನಿ. ಗಾಳಿ ಕೆನ್ನೆಗೆ ತಾಗಿದ್ರೆ ಎಲ್ಲಿದ್ದೀನಿ ಅಂತ ನನಗೆ ಗೊತ್ತಾಗುತ್ತೆ. ನೀನು ನೋಡು, ಅಷ್ಟೇ."

ಆರ್ಗಿರೊ ಅಲ್ಲೇ ಕೂತು ಅತ್ತುಬಿಟ್ಟಳು. ಇಯೊರ್ದಾನಿಸ್ ಕೆಮ್ಮಿ, ತಾನೂ ಹಾಯಿ ಎಳೆಯಲು ಬರುತ್ತೇನೆ, ಹೋಟೆಲು ಎಲ್ಲಿಗೂ ಓಡಿಹೋಗುವುದಿಲ್ಲ ಎಂದ.

ಮರುದಿನ ಬೆಳಿಗ್ಗೆ ಅರ್ಧ ಊರೇ ಕಟ್ಟೆಯ ಮೇಲಿತ್ತು. ಸಂತನನ್ನು ಚುಕ್ಕಾಣಿಯ ಪಕ್ಕದಲ್ಲೇ ಹೊಸ ಮೊಳೆಗೆ ನೇತುಹಾಕಿದ್ದರು. ಸ್ಟ್ರಾಟೋಸ್ ಬಸ್ಸು ಬಿಟ್ಟು ದೋಣಿಯನ್ನೇ ಹತ್ತಿ, ಆಗಲೇ ಅಂಚಿಗೆ ಬಾಗಿ ನಿಂತಿದ್ದ. ಆರ್ಗಿರೊ ಚುಕ್ಕಾಣಿ ಹಿಡಿದಳು, ಅವಳ ಭುಜದ ಮೇಲೆ ಅಪ್ಪನ ಕೈ ಇತ್ತು. ಗಾಳಿ ಎದ್ದಿತು.

"ಬಿಚ್ಚು ಹಗ್ಗ," ಎಂದರು ಇಬ್ಬರೂ, ಒಟ್ಟಿಗೆ.

ಕಟ್ಟೆಯ ಮೇಲಿದ್ದವರೆಲ್ಲ ಕೆಂಪು ಮುಟ್ಟಿ ಎಂದು ಕೂಗುವ ಮೊದಲೇ ಅಪ್ಪ ಮಗಳ ಕೈಗಳೆರಡೂ ಮರಿಗೋ ಹೊಲಿದ ಮಖಮಲ್ಲಿನ ಮೇಲಿದ್ದವು. ಕಣ್ಣು ಕಾಣದವರ ಕೈಯೇ ಮೊದಲು ಮುಟ್ಟಿದ್ದನ್ನು ಫೋಟಿಸ್ ಕಣ್ಣಾರೆ ಕಂಡ.